ಮಾತ್ರೆಯೋ, ಧ್ಯಾನವೋ, ಎರಡೂನಾ? ಖಿನ್ನತೆ, ಆತಂಕಕ್ಕೆ ಯಾವ ದಾರಿ ಯಾವಾಗ

"ಈಗ ನಿಮ್ಮ ಗಮನವನ್ನು ಎಡಗಾಲಿನ ಹೆಬ್ಬೆರಳಿಗೆ ತನ್ನಿ" ಅಂತ ಇಯರ್‌ಫೋನಿನಲ್ಲಿ ದನಿ ಹೇಳುತ್ತಿತ್ತು. ನಾನು ಚಾಪೆಯ ಮೇಲೆ ಅಂಗಾತ ಮಲಗಿದ್ದೆ. ಬಾಡಿ ಸ್ಕ್ಯಾನ್ ಅಂತ ಅದಕ್ಕೆ ಹೆಸರು. 45 ನಿಮಿಷ, ಮೈಯ ಒಂದೊಂದೇ ಭಾಗವನ್ನು ಗಮನಿಸುತ್ತಾ ಕಾಲಿನಿಂದ ತಲೆಯವರೆಗೆ ಬರಬೇಕು. ಹೆಬ್ಬೆರಳಿನಿಂದ ಮಂಡಿಗೆ ಬರುವಷ್ಟರಲ್ಲಿ ನಾನು ಹತ್ತು ವರ್ಷದ ತಪ್ಪುಗಳನ್ನೆಲ್ಲ ಎಣಿಸಿ ಮುಗಿಸಿದ್ದೆ. ಸೊಂಟದ ಹತ್ತಿರ ಬಂದಾಗ ಅಳು ಬಂತು. ಎದ್ದು ಕೂತೆ. "ಸುಮ್ನೆ ಮಲಗೋಕೂ ಬರಲ್ವಲ್ಲ ನನಗೆ" ಅಂತ ಆ ಪಟ್ಟಿಗೆ ಇನ್ನೊಂದು ತಪ್ಪು ಸೇರಿಸಿಕೊಂಡೆ.

ಖಿನ್ನತೆ ನನಗೆ ಬಂದಿದ್ದು ಆಗ ಮೂರನೇ ಸಲ. ಒಂದೂವರೆ ವರ್ಷ ಕಳೆದ ಮೇಲೆ, ಮಾತ್ರೆ ಮತ್ತು ಥೆರಪಿ ಎರಡರಿಂದ ಚೇತರಿಸಿಕೊಂಡ ಮೇಲೆ, ಅದೇ ಬಾಡಿ ಸ್ಕ್ಯಾನನ್ನು ಒಂದು ತರಗತಿಯಲ್ಲಿ ಮತ್ತೆ ಮಾಡಿದೆ. ಈ ಸಲ ಅದು ಕೈ ಹಿಡಿಯಿತು. ಅದೇ ವಿಧಾನ, ಅದೇ ನಾನು. ಮಾಡಿದ ಕಾಲ ಮಾತ್ರ ಬೇರೆ.

ಹಾಗಾಗಿ "ಮಾತ್ರೆ ಒಳ್ಳೇದಾ, ಧ್ಯಾನ ಒಳ್ಳೇದಾ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, "ಈಗ ಹೇಗಿದ್ದೀರಿ?" ಅಂತ. ನಾನು ಡಾಕ್ಟರಲ್ಲ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಸಾಕಷ್ಟು ಸಲ ಕೂತು, ಓದಿ, ಕೇಳಿ ತಿಳಿದುಕೊಂಡವಳು. ಅಷ್ಟನ್ನು ಇಟ್ಟುಕೊಂಡು ಈ ಹೋಲಿಕೆ.

ಮೊದಲು ಎಷ್ಟು ಆಳದಲ್ಲಿದ್ದೀರಿ ನೋಡಿ

ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ. ಖಿನ್ನತೆಗೆ ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಆತಂಕಕ್ಕೆ ಜಿಎಡಿ-7, ಏಳು ಪ್ರಶ್ನೆ, ಒಟ್ಟು 21. ಎರಡರಲ್ಲೂ 10 ಮುಟ್ಟಿದರೆ ಡಾಕ್ಟರನ್ನು ನೋಡಬೇಕು ಅಂತ ಲೆಕ್ಕ. ಪಿಎಚ್‌ಕ್ಯೂನಲ್ಲಿ 20 ಮುಟ್ಟಿದರೆ ತೀವ್ರ ಖಿನ್ನತೆಯ ಸೂಚನೆ. ಇದರಿಂದ ರೋಗ ಇದೆ, ಇಲ್ಲ ಅಂತ ತೀರ್ಮಾನ ಮಾಡೋಕೆ ಆಗುವುದಿಲ್ಲ. ಆದರೆ ಜ್ವರಕ್ಕೆ ಥರ್ಮಾಮೀಟರ್ ಇದ್ದ ಹಾಗೆ, ಏರಿತೋ ಇಳಿಯಿತೋ ನೋಡಿಕೊಳ್ಳೋಕೆ ಬಹಳ ಉಪಯೋಗ.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಬಂದರೆ ಈ ಬರಹವನ್ನು ಪಕ್ಕಕ್ಕಿಡಿ. ನಂಬಿಕೆಯ ಒಬ್ಬರಿಗೆ ಈಗಲೇ ಹೇಳಿ, ಡಾಕ್ಟರನ್ನು ನೋಡಿ. ಪ್ರಾಣ ಕಳೆದುಕೊಳ್ಳುವ ಯೋಚನೆ ಗಟ್ಟಿಯಾಗಿದ್ದರೆ ನೀವಿರುವ ಕಡೆಯ ತುರ್ತು ಸಹಾಯವಾಣಿಗೆ ಕರೆ ಮಾಡಿ, ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಬ್ಬರೇ ಇರಬೇಡಿ. ಧ್ಯಾನ, ಯೋಗ ಎಲ್ಲ ಆಮೇಲೆ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ ಕೂಡ ಖಿನ್ನತೆಯ ವೇಷದಲ್ಲಿ ಬರುತ್ತವೆ. ಒಂದು ರಕ್ತಪರೀಕ್ಷೆ ಮಾಡಿಸಿ. ಇನ್ನೊಂದು, ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡದಷ್ಟು ಹುಮ್ಮಸ್ಸು, ಮಾತಿನ ಮೇಲೆ ಮಾತು, ಕೈ ಮೀರಿ ಖರ್ಚು ಇದ್ದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅದು ಬೈಪೋಲಾರ್, ಅಂದರೆ ಖಿನ್ನತೆ ಮತ್ತು ಉನ್ಮಾದ ಎರಡೂ ಬಂದು ಹೋಗುವ ಕಾಯಿಲೆ ಆಗಿರಬಹುದು. ಅದಕ್ಕೆ ಕೊಡುವ ಮಾತ್ರೆಗಳೇ ಬೇರೆ.

'ಜೊತೆಗೆ' ಮತ್ತು 'ಬದಲಿಗೆ'

ಇಂಟಿಗ್ರೇಟಿವ್ ಅನ್ನೋ ಪದ ಈಗ ಎಲ್ಲ ಕಡೆ ಕೇಳಿಸುತ್ತದೆ. ಸಮಗ್ರ ಚಿಕಿತ್ಸೆ ಅಂತಲೂ ಅನ್ನುತ್ತಾರೆ. ಅರ್ಥ ಇಷ್ಟೇ. ಮಾತ್ರೆ, ಮಾತಿನ ಥೆರಪಿ, ವ್ಯಾಯಾಮ, ನಿದ್ದೆ, ಧ್ಯಾನ, ಇವುಗಳಲ್ಲಿ ಪುರಾವೆ ಇರುವುದನ್ನು ಆರಿಸಿ, ಒಬ್ಬರ ಉಸ್ತುವಾರಿಯಲ್ಲಿ ಸೇರಿಸಿ ಕೊಡುವುದು. ಆ ಒಬ್ಬರು ಯಾರು ಅನ್ನೋದು ಮುಖ್ಯ. ಒಬ್ಬರು ಮಾತ್ರೆ ಬರೆದು, ಇನ್ನೊಬ್ಬರು ಮೂಲಿಕೆ ಕೊಟ್ಟು, ಮತ್ತೊಬ್ಬರು ಧ್ಯಾನ ಹೇಳಿಕೊಟ್ಟು, ಮೂವರಿಗೂ ಉಳಿದಿಬ್ಬರ ವಿಷಯ ಗೊತ್ತಿಲ್ಲ ಅಂದರೆ ಅದನ್ನು ಸಮಗ್ರ ಅನ್ನೋದು ಹೇಗೆ? ಅದು ಕಲಸುಮೇಲೋಗರ.

ಹಾಗಾಗಿ ಯಾರೇ ಏನೇ ಹೇಳಿದರೂ ನಾನು ಒಂದು ಪದ ಹುಡುಕುತ್ತೇನೆ. ಚಿಕಿತ್ಸೆಯ 'ಜೊತೆಗೆ' ಅಂತ ಹೇಳುತ್ತಿದ್ದಾರಾ, 'ಬದಲಿಗೆ' ಅಂತ ಹೇಳುತ್ತಿದ್ದಾರಾ? "ನಮ್ಮಲ್ಲಿಗೆ ಬಂದ ಮೇಲೆ ಮಾತ್ರೆ ಬಿಟ್ಟುಬಿಡಿ" ಅಂತ ಮೊದಲ ದಿನವೇ ಹೇಳಿದ ಒಬ್ಬ ಧ್ಯಾನದ ಗುರುಗಳ ಮಾತು ಕೇಳಿ ನಾನು ಒಂದು ವಾರ ಮಾತ್ರೆ ಬಿಟ್ಟಿದ್ದೆ. ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝಮ್ ಅನ್ನೋದು, ಕಾರಣವೇ ಇಲ್ಲದೆ ಸಿಟ್ಟು. ಅದು ಖಿನ್ನತೆ ಮರಳಿ ಬಂದಿದ್ದಲ್ಲ, ಮಾತ್ರೆಯನ್ನು ದಿಢೀರನೆ ನಿಲ್ಲಿಸಿದ್ದರ ಫಲ ಅಂತ ಡಾಕ್ಟರು ಹೇಳುವವರೆಗೆ ನನಗೆ ಗೊತ್ತೇ ಇರಲಿಲ್ಲ.

ಒಂದೇ ಯೋಚನೆ, ಐದು ದಾರಿ

ಈ ಚಿಕಿತ್ಸೆಗಳ ಹೆಸರು ಕೇಳಿದರೆ ಎಲ್ಲ ಒಂದೇ ಥರ ಅನ್ನಿಸುತ್ತದೆ. ಒಂದು ಯೋಚನೆ ಹಿಡಿದು ನೋಡೋಣ. ರಾತ್ರಿ ಹನ್ನೊಂದು ಗಂಟೆ. "ನಾಳೆ ಮೀಟಿಂಗಲ್ಲಿ ಮಾತು ತಡವರಿಸಿ ಎಲ್ಲರ ಮುಂದೆ ಮಾನ ಹೋಗುತ್ತೆ."

ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ. ಅದರ ಥೆರಪಿಸ್ಟ್ ಈ ಯೋಚನೆಯನ್ನು ಕಟಕಟೆಗೆ ಹತ್ತಿಸುತ್ತಾರೆ. ಹಿಂದಿನ ಹತ್ತು ಮೀಟಿಂಗಲ್ಲಿ ಎಷ್ಟು ಸಲ ತಡವರಿಸಿದಿರಿ? ತಡವರಿಸಿದಾಗ ಏನಾಯಿತು? ಬೇರೆಯವರು ತಡವರಿಸಿದರೆ ನೀವು ಏನಂದುಕೊಳ್ಳುತ್ತೀರಿ? ಉತ್ತರವನ್ನು ಹಾಳೆಯ ಮೇಲೆ ಬರೆಸುತ್ತಾರೆ. ಆಮೇಲೆ ಭಯ ಇರುವ ಜಾಗಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಕಳಿಸುತ್ತಾರೆ. 1960ರ ದಶಕದಲ್ಲಿ ಆ್ಯರನ್ ಬೆಕ್ ಶುರು ಮಾಡಿದ ದಾರಿ ಇದು. ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ಮಾತಿನ ಚಿಕಿತ್ಸೆಯೂ ಇದೇ.

ಮೈಂಡ್‌ಫುಲ್‌ನೆಸ್‌ನಲ್ಲಿ ಯೋಚನೆಯ ಜೊತೆ ವಾದ ಇಲ್ಲ. "ಓಹೋ, 'ಮಾನ ಹೋಗುತ್ತೆ' ಅನ್ನೋ ಯೋಚನೆ ಬಂದಿದೆ. ಎದೆ ಬಿಗಿದಿದೆ. ಗಂಟಲು ಒಣಗಿದೆ." ಇಷ್ಟನ್ನು ಗಮನಿಸಿ, ಅದು ಬಂದು ಹೋಗೋಕೆ ಜಾಗ ಬಿಡುವುದು. ನಿಜವೋ ಸುಳ್ಳೋ ಅಂತ ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ.

ಆ್ಯಕ್ಟ್ ಅನ್ನೋ ಥೆರಪಿ, ಸ್ಟೀವನ್ ಹೇಯ್ಸ್ ಕಟ್ಟಿದ್ದು, ಇದರ ತಮ್ಮನ ಹಾಗೆ. ಅದು ಕೇಳುವುದು: ಆ ಕೆಲಸ ನಿನಗೆ ಮುಖ್ಯವಾ? ಹಾಗಿದ್ದರೆ ಭಯವನ್ನೂ ಜೊತೆಗೆ ಕರೆದುಕೊಂಡೇ ಮೀಟಿಂಗಿಗೆ ಹೋಗು.

ಬಿಹೇವಿಯರಲ್ ಆ್ಯಕ್ಟಿವೇಶನ್ ಯೋಚನೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬೆಳಿಗ್ಗೆ ಏಳಕ್ಕೆ ಸ್ನಾನ, ಏಳೂವರೆಗೆ ಇಪ್ಪತ್ತು ನಿಮಿಷ ನಡಿಗೆ, ಹತ್ತಕ್ಕೆ ಮೀಟಿಂಗು. ಮನಸ್ಸು ಬರಲಿ, ಬಿಡಲಿ, ಚೀಟಿಯಲ್ಲಿ ಬರೆದಿದ್ದನ್ನು ಮಾಡುವುದು. ತೀರಾ ಕುಗ್ಗಿ ಕೂತವರಿಗೆ ನಾನು ಮೊದಲು ಹೇಳುವುದು ಇದನ್ನೇ. 2016ರಲ್ಲಿ 440 ಜನರ ಮೇಲೆ ನಡೆದ ಅಧ್ಯಯನದಲ್ಲಿ ಇದನ್ನು ಸಿಬಿಟಿ ಜೊತೆ ಹೋಲಿಸಿದರು. ಸಿಬಿಟಿ ಮಾಡಿದವರು ತರಬೇತಾದ ಥೆರಪಿಸ್ಟುಗಳು. ಇದನ್ನು ಮಾಡಿದವರು ಮಾನಸಿಕ ಆರೋಗ್ಯದ ಕಿರಿಯ ಕಾರ್ಯಕರ್ತರು. ಒಂದು ವರ್ಷದ ಮೇಲೆ ನೋಡಿದರೆ ಇದು ಸಿಬಿಟಿಗಿಂತ ಹಿಂದೆ ಬಿದ್ದಿರಲಿಲ್ಲ.

ಐದನೆಯದು ಮಾತ್ರೆ. ಅದು ಆ ಯೋಚನೆಯ ತಂಟೆಗೇ ಹೋಗುವುದಿಲ್ಲ. ಕೆಲವು ವಾರಗಳಾದ ಮೇಲೆ ಅದೇ ಯೋಚನೆ ಬಂದಾಗ ಎದೆ ಅಷ್ಟೊಂದು ಹೊಡೆದುಕೊಳ್ಳುವುದಿಲ್ಲ, ಅಷ್ಟೇ.

ನಿಮ್ಮ ಸ್ವಭಾವಕ್ಕೆ ಇವುಗಳಲ್ಲಿ ಯಾವುದು ಒಗ್ಗುತ್ತದೆ ಅನ್ನೋದು ಓದುವಾಗಲೇ ಸ್ವಲ್ಪ ಗೊತ್ತಾಗಿರುತ್ತದೆ. ವಾದ ಮಾಡಿ ಮಾಡಿ ಸುಸ್ತಾದವರಿಗೆ ಸಿಬಿಟಿ ಇನ್ನೊಂದು ವಾದದ ಹಾಗೆ ಕಾಣಬಹುದು. ನನಗೆ ಹಾಗೇ ಆಗಿತ್ತು. ಲೆಕ್ಕ, ಪುರಾವೆ ಇಷ್ಟಪಡುವ ನನ್ನ ಅಕ್ಕನಿಗೆ ಅದೇ ಬಹಳ ಹಿಡಿಸಿತು. ಕಣ್ಣು ಮುಚ್ಚಿ ಕೂರು ಅಂದರೆ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮೈಂಡ್‌ಫುಲ್‌ನೆಸ್ ಅಂದರೆ ಯಾವುದು?

ಈ ಒಂದು ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ವಿಷಯಗಳಿವೆ. ಗೊಂದಲ ಶುರುವಾಗುವುದೇ ಇಲ್ಲಿ.

ಎಂಬಿಎಸ್‌ಆರ್, ಅಂದರೆ ಮೈಂಡ್‌ಫುಲ್‌ನೆಸ್‌ನಿಂದ ಒತ್ತಡ ಇಳಿಸುವ ತರಗತಿ, ಮೊದಲು ಬಂದಿದ್ದು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಝಿನ್ ಶುರು ಮಾಡಿದರು. ದೀರ್ಘಕಾಲದ ನೋವು, ಒತ್ತಡ ಇದ್ದ ರೋಗಿಗಳಿಗಾಗಿ ಮಾಡಿದ ತರಗತಿ ಅದು. ಎಂಟು ವಾರ, ವಾರಕ್ಕೆ ಒಂದು ಸಲ ಸುಮಾರು ಎರಡೂವರೆ ಗಂಟೆ, ನಡುವೆ ಒಂದು ಇಡೀ ದಿನ. ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ತರಗತಿಗೆ ಸೇರುವವರು ಎಲ್ಲ ಕೇಳುತ್ತಾರೆ, ಇದೊಂದನ್ನು ಕೇಳುವುದಿಲ್ಲ.

ಮೊದಲ ತರಗತಿಯಲ್ಲಿ ಒಂದು ಒಣದ್ರಾಕ್ಷಿ ಕೊಡುತ್ತಾರೆ. ನಗಬೇಡಿ. ಅಂಗೈಯಲ್ಲಿಟ್ಟುಕೊಂಡು ಹಿಂದೆಂದೂ ನೋಡದ ವಸ್ತುವಿನ ಹಾಗೆ ನೋಡಬೇಕು. ಸುಕ್ಕು, ಸುಕ್ಕಿನ ನಡುವೆ ಬೆಳಕು ಬಿದ್ದ ಜಾಗ, ತೊಟ್ಟು ಕಿತ್ತ ಗುರುತು. ಕಿವಿಯ ಹತ್ತಿರ ಹಿಸುಕಿದರೆ ಸಣ್ಣ ಸದ್ದು. ಮೂಗಿನ ಹತ್ತಿರ ತಂದಾಗ ಬಾಯಲ್ಲಿ ಆಗಲೇ ನೀರು. ಆಮೇಲೆ ನಿಧಾನಕ್ಕೆ ಒಂದು ಸಲ ಕಚ್ಚುವುದು. ನಾನು ಅಷ್ಟು ವರ್ಷ ಒಣದ್ರಾಕ್ಷಿಯನ್ನು ಮುಷ್ಟಿಗಟ್ಟಲೆ ತಿಂದಿದ್ದೆ, ಒಂದನ್ನೂ ತಿಂದಿರಲಿಲ್ಲ ಅಂತ ಅವತ್ತು ಗೊತ್ತಾಯಿತು. ತಿನ್ನುವಾಗ ಮನಸ್ಸು ಎಲ್ಲಿರುತ್ತದೆ ಅಂತ ತೋರಿಸೋಕೆ ಈ ಆಟ. ಹೆಚ್ಚಿನವರದ್ದು ಬೇರೆಲ್ಲೋ ಇರುತ್ತದೆ.

ಎಂಬಿಸಿಟಿ, ಅಂದರೆ ಮೈಂಡ್‌ಫುಲ್‌ನೆಸ್ ಆಧಾರದ ಕಾಗ್ನಿಟಿವ್ ಥೆರಪಿ, ಇದರಿಂದ ಹುಟ್ಟಿದ್ದು. ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅನ್ನೋ ಮೂವರು ಸಂಶೋಧಕರು 1990ರ ದಶಕದಲ್ಲಿ ರೂಪಿಸಿದರು. ಎಂಬಿಎಸ್‌ಆರ್‌ನ ಅಭ್ಯಾಸಕ್ಕೆ ಸಿಬಿಟಿಯ ತಿಳಿವಳಿಕೆ ಸೇರಿಸಿದ್ದಾರೆ. ಇದರ ಗುರಿ ಒಂದೇ: ಖಿನ್ನತೆಯಿಂದ ಎದ್ದು ಬಂದವರು ಮತ್ತೆ ಬೀಳದ ಹಾಗೆ ನೋಡಿಕೊಳ್ಳುವುದು. ಇದೂ ಎಂಟು ವಾರವೇ.

ಮೂರನೆಯದು ಮೊಬೈಲ್ ಆ್ಯಪ್. ರುಚಿ ನೋಡೋಕೆ, ಕಲಿತಿದ್ದನ್ನು ಮರೆಯದೆ ಇರೋಕೆ ಚೆನ್ನಾಗಿದೆ. ಅದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ. ಮಧ್ಯದಲ್ಲಿ ಅಳು ಬಂದರೆ ಆ್ಯಪ್‌ಗೆ ಗೊತ್ತಾಗುವುದಿಲ್ಲ.

ನಾಲ್ಕನೆಯದು ಹತ್ತು ದಿನದ ಮೌನ ಶಿಬಿರ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಅದೊಂದು ಸಾಧನೆ. ಖಿನ್ನತೆಗೆ ಔಷಧಿ ಅಂತ ಅದನ್ನು ಯಾರೂ ರೂಪಿಸಿಲ್ಲ. ನಿಮಗೆ ಈಗ ಹುಷಾರಿಲ್ಲದಿದ್ದರೆ ಹೋಗಬೇಡಿ ಅಂತಲೇ ನನ್ನ ಸಲಹೆ. ಅಂಥ ಶಿಬಿರಗಳ ಅರ್ಜಿಯಲ್ಲೂ ಮಾನಸಿಕ ಕಾಯಿಲೆ ಇದೆಯೇ ಅಂತ ಸುಮ್ನೆ ಕೇಳುವುದಿಲ್ಲ.

ಆತಂಕಕ್ಕೆ: ಇಲ್ಲಿ ಧ್ಯಾನ ಮೊದಲ ಸಾಲಿನಲ್ಲೂ ನಿಲ್ಲಬಹುದು

2022ರಲ್ಲಿ ಬಂದ ಒಂದು ಅಧ್ಯಯನ ಈ ಚರ್ಚೆಯನ್ನು ಬಹಳ ಬದಲಾಯಿಸಿತು. ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಅರ್ಧ ಜನರಿಗೆ ಎಂಬಿಎಸ್‌ಆರ್, ಉಳಿದವರಿಗೆ ಎಸಿಟಾಲೊಪ್ರಾಮ್ ಅನ್ನೋ ಮಾತ್ರೆ. ಎಂಟು ವಾರದ ಮೇಲೆ ಎರಡೂ ಗುಂಪಿನ ತೊಂದರೆ ಹೆಚ್ಚು ಕಡಿಮೆ ಒಂದೇ ಅಳತೆಗೆ ಇಳಿದಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 79% ಜನರಿಗೆ ಒಂದಾದರೂ ಅಡ್ಡಪರಿಣಾಮ ಕಾಣಿಸಿತು, ಧ್ಯಾನದವರಲ್ಲಿ ಸುಮಾರು 15%.

ಹಾಗಾದರೆ ಮಾತ್ರೆ ಬಿಡೋಣ ಅಲ್ವಾ? ತಡೀರಿ. ತಾವು ಯಾವ ಗುಂಪಿನಲ್ಲಿದ್ದೇವೆ ಅಂತ ಎಲ್ಲರಿಗೂ ಗೊತ್ತಿತ್ತು. ನಂಬಿಕೆಯೂ ಕೆಲಸ ಮಾಡಿರಬಹುದು. ಜೊತೆಗೆ, ಧ್ಯಾನದವರು ಮಾಡಿದ್ದು ತರಬೇತಾದ ಶಿಕ್ಷಕರ ಎದುರು ಎಂಟು ವಾರದ ತರಗತಿ, ಮನೆಯಲ್ಲಿ ದಿನಾ 45 ನಿಮಿಷ. ಬಸ್ಸಿನಲ್ಲಿ ಹತ್ತು ನಿಮಿಷ ಆ್ಯಪ್ ಕೇಳಿದ್ದಕ್ಕೆ ಈ ಫಲಿತಾಂಶವನ್ನು ಅನ್ವಯಿಸುವ ಹಾಗಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಎತ್ತಿಡೋಕೆ ಆಗುವವರಿಗೆ ಇದು ನಿಜವಾದ ಆಯ್ಕೆ. ಪುಟ್ಟ ಮಗು ಇರುವವರಿಗೆ, ಎರಡೆರಡು ಪಾಳಿ ದುಡಿಯುವವರಿಗೆ ಮಾತ್ರೆಯೇ ಸುಲಭ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ವಿಪರೀತ ಭಯ ಬಂದು ಎದೆ ಹೊಡೆದುಕೊಳ್ಳುವ ತೊಂದರೆ ಇರುವವರಿಗೆ ಒಂದು ಎಚ್ಚರಿಕೆ. ಉಸಿರನ್ನು ಗಮನಿಸಿ ಅಂದ ತಕ್ಷಣ ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ಅಂಥವರು ಉಸಿರಿನ ಬದಲು ನೆಲಕ್ಕೆ ತಾಗಿದ ಪಾದವನ್ನು, ಹೊರಗಿನ ಸದ್ದನ್ನು ಹಿಡಿದುಕೊಳ್ಳಬಹುದು. ಕಣ್ಣು ತೆರೆದೇ ಇರಲಿ. ಪ್ಯಾನಿಕ್‌ಗೆ ಸಿಬಿಟಿಯಲ್ಲಿ ಇನ್ನೂ ನೇರವಾದ ವಿಧಾನ ಇದೆ. ಎದೆಬಡಿತ, ತಲೆಸುತ್ತನ್ನು ಬೇಕೆಂದೇ ಬರಿಸಿ, ಅದರಿಂದ ಏನೂ ಆಗುವುದಿಲ್ಲ ಅಂತ ಮೈಗೇ ಕಲಿಸುತ್ತಾರೆ. ಒಸಿಡಿ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದನ್ನು ತಣಿಸೋಕೆ ಒಂದೇ ಕೆಲಸವನ್ನು ಮಾಡುತ್ತಲೇ ಇರುವ ಕಾಯಿಲೆ ಇದ್ದರೂ, ಭಯವನ್ನು ಬೇಕೆಂದೇ ಎದುರಿಸುವ ಥೆರಪಿಯನ್ನೇ ಮೊದಲು ನೋಡಿ. ಇಲ್ಲದಿದ್ದರೆ ಧ್ಯಾನವೇ ಇನ್ನೊಂದು ಆಚರಣೆ ಆಗಿಬಿಡಬಹುದು, "ಮೂರು ಸಲ ಸರಿಯಾಗಿ ಉಸಿರಾಡದಿದ್ದರೆ ಕೆಟ್ಟದ್ದಾಗುತ್ತೆ" ಅನ್ನೋ ಹಾಗೆ.

ಖಿನ್ನತೆಗೆ: ಏಳೋಕೆ ಒಂದು ದಾರಿ, ಮತ್ತೆ ಬೀಳದಿರೋಕೆ ಇನ್ನೊಂದು

ನನ್ನ ಚಾಪೆಯ ಕತೆಗೆ ಉತ್ತರ ಇಲ್ಲಿದೆ. ಖಿನ್ನತೆಯ ಮನಸ್ಸು ಮೆಲುಕು ಹಾಕುತ್ತದೆ. ಹಳೆಯದನ್ನೇ ಬಾಯಿಗೆ ತಂದುಕೊಂಡು ಅಗಿಯುತ್ತಲೇ ಇರುತ್ತದೆ. ತೀರಾ ಕೆಳಗಿದ್ದಾಗ ಅಂಥ ಮನಸ್ಸನ್ನು 45 ನಿಮಿಷ ಸುಮ್ಮನೆ ಕೂರಿಸಿದರೆ, ಮೆಲುಕು ಹಾಕೋಕೆ ಪುರುಸೊತ್ತು ಮಾಡಿಕೊಟ್ಟ ಹಾಗೆ. ಗಮನ ಹಿಡಿದಿಡುವ ಶಕ್ತಿಯನ್ನೇ ಕಾಯಿಲೆ ಕಸಿದುಕೊಂಡಿರುತ್ತದೆ. ಹೊಸ ವಿದ್ಯೆ ಕಲಿಯುವ ಕಾಲ ಅದಲ್ಲ. ಆಗ ಬೇಕಾದದ್ದು ಮಾತ್ರೆ, ಎದುರು ಕೂತು ಮಾತಾಡುವ ಥೆರಪಿಸ್ಟ್, ಚೀಟಿಯಲ್ಲಿ ಬರೆದ ಸಣ್ಣ ಸಣ್ಣ ಕೆಲಸ. ತೀವ್ರ ಖಿನ್ನತೆಗೆ ಮಾತ್ರೆ ಮತ್ತು ಥೆರಪಿ ಎರಡೂ ಒಟ್ಟಿಗೆ ಇದ್ದರೆ ಒಂದೊಂದೇ ಇದ್ದದ್ದಕ್ಕಿಂತ ಮೇಲು.

ಎದ್ದು ಬಂದ ಮೇಲಿನ ಲೆಕ್ಕವೇ ಬೇರೆ. 2000ದಲ್ಲಿ ಟೀಸ್‌ಡೇಲ್ ಮತ್ತು ಜೊತೆಗಾರರು ಎಂಬಿಸಿಟಿಯ ಮೊದಲ ದೊಡ್ಡ ಅಧ್ಯಯನ ಪ್ರಕಟಿಸಿದರು. ಖಿನ್ನತೆಯಿಂದ ಚೇತರಿಸಿಕೊಂಡ 145 ಜನ, 60 ವಾರದವರೆಗೆ ನಿಗಾ. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದಿದ್ದವರಲ್ಲಿ, ಎಂದಿನ ಚಿಕಿತ್ಸೆ ಮಾತ್ರ ಇದ್ದವರಿಗೆ 66% ಮರುಕಳಿಸಿತು. ಎಂಬಿಸಿಟಿ ಸೇರಿದವರಿಗೆ 37%. ಎರಡೇ ಸಲ ಬಂದಿದ್ದವರಿಗೆ ಮಾತ್ರ ಅದರಿಂದ ಉಪಯೋಗ ಕಾಣಿಸಲಿಲ್ಲ. ಮರುಕಳಿಸಿದಷ್ಟೂ ಮೆಲುಕಿನ ಜಾಡು ಆಳವಾಗುತ್ತದೆ, ಎಂಬಿಸಿಟಿ ಹಿಡಿಯುವುದು ಆ ಜಾಡನ್ನೇ ಅಂತ ಅದನ್ನು ರೂಪಿಸಿದವರ ವಿವರಣೆ.

ಹಾಗಾದರೆ ಮರುಕಳಿಸದ ಹಾಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು ಏನು ಮಾಡಬೇಕು? ಈ ಪ್ರಶ್ನೆಯನ್ನೇ ಇಟ್ಟುಕೊಂಡು 2015ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. 424 ಜನ, ಎರಡು ವರ್ಷ. ಒಂದು ಗುಂಪು ಮಾತ್ರೆ ಮುಂದುವರಿಸಿತು. ಇನ್ನೊಂದು ಗುಂಪಿಗೆ ಎಂಬಿಸಿಟಿ, ಜೊತೆಗೆ ಡಾಕ್ಟರ ನೆರವಿನಲ್ಲಿ ಮಾತ್ರೆಯನ್ನು ನಿಧಾನಕ್ಕೆ ಇಳಿಸುವ ಯೋಜನೆ. ಮಾತ್ರೆ ಗುಂಪಿನಲ್ಲಿ 47% ಮರುಕಳಿಸಿತು, ಎಂಬಿಸಿಟಿ ಗುಂಪಿನಲ್ಲಿ 44%. ಅಂದರೆ ಹೆಚ್ಚು ಕಡಿಮೆ ಸಮ. ಇದನ್ನು ಎರಡು ಥರ ಓದಬಹುದು. ಮಾತ್ರೆ ಒಗ್ಗದವರಿಗೆ ಇನ್ನೊಂದು ದಾರಿ ಸಿಕ್ಕಿತು. ಹಾಗೆಯೇ, ಎರಡರಲ್ಲಿ ಯಾವುದನ್ನು ಹಿಡಿದರೂ ನೂರರಲ್ಲಿ ನಲವತ್ತಕ್ಕಿಂತ ಹೆಚ್ಚು ಜನ ಮತ್ತೆ ಬಿದ್ದರು. ಯಾರಾದರೂ "ಇದು ಮಾಡಿದರೆ ಮತ್ತೆ ಬರೋದೇ ಇಲ್ಲ" ಅಂದರೆ ನಂಬಬೇಡಿ.

ಮಾತ್ರೆಯ ಬಗ್ಗೆ, ಜನ ಕೇಳುವಷ್ಟು

ಅಭ್ಯಾಸ ಆಗಿಬಿಡುತ್ತಾ ಅನ್ನೋದೇ ಎಲ್ಲರ ಮೊದಲ ಪ್ರಶ್ನೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳಿಗೆ ಮದ್ಯದ ಹಾಗೆ ಚಟ ಹತ್ತುವುದಿಲ್ಲ. ಆದರೆ ಮೈ ಹೊಂದಿಕೊಂಡಿರುತ್ತದೆ, ಹಾಗಾಗಿ ನಿಲ್ಲಿಸುವಾಗ ಇಳಿಸುತ್ತಾ ಬರಬೇಕು. ಆತಂಕಕ್ಕೆ ಕೊಡುವ ಬೆಂಜೊಡಯಾಜಪೀನ್ ಜಾತಿಯ ಮಾತ್ರೆಗಳು ಬೇರೆ. ಗಂಟೆಯೊಳಗೆ ಸಮಾಧಾನ ಕೊಡುತ್ತವೆ, ಚಟವೂ ಹತ್ತುತ್ತದೆ. ಕೆಲವು ದಿನಕ್ಕೆ, ಕೆಲವು ವಾರಕ್ಕೆ ಸರಿ. ನಿಮ್ಮ ಚೀಟಿಯಲ್ಲಿ ಎರಡೂ ಇದ್ದರೆ ಯಾವುದು ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಎಸ್‌ಎಸ್‌ಆರ್‌ಐ ಕೆಲಸ ಮಾಡೋಕೆ ಎರಡರಿಂದ ಆರು ವಾರ ಬೇಕು. ಮೊದಲ ಒಂದೆರಡು ವಾರ ಆತಂಕ ಜಾಸ್ತಿ ಆಗಬಹುದು, ಹೊಟ್ಟೆ ತೊಳಸಬಹುದು. ತುಂಬ ಜನ ಕೈ ಬಿಡುವುದು ಅಲ್ಲೇ. 25ರ ಒಳಗಿನವರಲ್ಲಿ ಶುರುವಿನಲ್ಲಿ ಸಾವಿನ ಯೋಚನೆ ಹೆಚ್ಚಬಹುದು ಅನ್ನೋ ಎಚ್ಚರಿಕೆ ಇದೆ. ಮನೆಯವರು ಗಮನ ಇಟ್ಟಿರಬೇಕು. ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅನ್ನುತ್ತಾರೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಮಾಮೂಲು ಅಡ್ಡಪರಿಣಾಮ. ನಾಚಿಕೆಗೆ ಯಾರೂ ಹೇಳುವುದಿಲ್ಲ, ಹೇಳದೆ ಮಾತ್ರೆ ಬಿಡುತ್ತಾರೆ. ಹೇಳಿದರೆ ಬೇರೆ ಮಾತ್ರೆಗೆ ಬದಲಿಸಬಹುದು.

ಓಡಾಟ, ಯೋಗ, ಮೂಲಿಕೆ

ವ್ಯಾಯಾಮ ಅಂದರೆ ಉಪದೇಶದ ಹಾಗೆ ಕೇಳುತ್ತದೆ. ಪುರಾವೆ ಮಾತ್ರ ಗಟ್ಟಿ. 1999ರಲ್ಲಿ 50 ದಾಟಿದ 156 ಖಿನ್ನರ ಮೇಲೆ ನಡೆದ ಅಧ್ಯಯನದಲ್ಲಿ 16 ವಾರದ ಏರೋಬಿಕ್ ವ್ಯಾಯಾಮವೂ ಸರ್ಟ್ರಲಿನ್ ಮಾತ್ರೆಯೂ ಕೊನೆಗೆ ಸಮಸಮಕ್ಕೆ ಬಂದವು, ಶುರುವಿನಲ್ಲಿ ಮಾತ್ರೆ ಬೇಗ ಕೆಲಸ ಮಾಡಿತ್ತು. 2024ರಲ್ಲಿ 218 ಅಧ್ಯಯನಗಳನ್ನು ಒಟ್ಟಿಗೆ ನೋಡಿದವರಿಗೆ ನಡಿಗೆ, ಓಟ, ಯೋಗ, ಭಾರ ಎತ್ತುವುದು ಚೆನ್ನಾಗಿ ಕಂಡವು. ಕೂತು ಧ್ಯಾನ ಆಗದವರಿಗೆ ಯೋಗ ಒಳ್ಳೆಯ ನಡುದಾರಿ. ಗಮನಕ್ಕೆ ಹಿಡಿದುಕೊಳ್ಳೋಕೆ ಮೈಯ ಚಲನೆ ಇರುತ್ತದಲ್ಲ.

ಮೂಲಿಕೆ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. 'ನೈಸರ್ಗಿಕ' ಅಂದರೆ ನಿರಪಾಯ ಅಂತ ಅರ್ಥ ಅಲ್ಲ. ಸೇಂಟ್ ಜಾನ್ಸ್ ವರ್ಟ್ ಅನ್ನೋ ಗಿಡ ಸೌಮ್ಯ ಖಿನ್ನತೆಗೆ ನಿಜಕ್ಕೂ ಕೆಲಸ ಮಾಡುತ್ತದೆ. ಅದಕ್ಕೇ ಅಪಾಯವೂ ಇದೆ. ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ಸಿರೊಟೊನಿನ್ ಅನ್ನೋ ಮೆದುಳಿನ ರಾಸಾಯನಿಕ ಅತಿಯಾಗಿ ಪ್ರಾಣಕ್ಕೇ ಬರಬಹುದು. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇವುಗಳ ಬಲವನ್ನೂ ಅದು ತಗ್ಗಿಸುತ್ತದೆ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ, ಥೈರಾಯ್ಡ್ ಇರುವವರೂ ಎಚ್ಚರ. ತೆಗೆದುಕೊಳ್ಳುವುದಾದರೆ ಡಾಕ್ಟರಿಗೆ ಗೊತ್ತಿರಲಿ, ಇಷ್ಟೇ.

ಧ್ಯಾನದಿಂದಲೂ ತೊಂದರೆ ಆಗುತ್ತದೆ

ಇದನ್ನು ಹೇಳುವವರು ಕಡಿಮೆ. 2020ರಲ್ಲಿ 83 ಅಧ್ಯಯನಗಳನ್ನು ಪರಿಶೀಲಿಸಿದ ಒಂದು ವರದಿ, ಧ್ಯಾನ ಮಾಡಿದವರಲ್ಲಿ ಸುಮಾರು 8% ಜನರಿಗೆ ಏನಾದರೂ ಕೆಟ್ಟ ಪರಿಣಾಮ ಆಗಿದೆ ಅಂದಿತು. ಅದರಲ್ಲಿ ಮೊದಲ ಎರಡು ಸ್ಥಾನ ಆತಂಕ ಮತ್ತು ಖಿನ್ನತೆಗೇ! ಹಿಂಸೆ, ದೌರ್ಜನ್ಯ, ಅಪಘಾತದ ನೆನಪುಗಳಿಂದ ನರಳುವವರಿಗೆ ಕಣ್ಣು ಮುಚ್ಚಿದ ಕೂಡಲೇ ಅದೇ ದೃಶ್ಯ ಎದುರಾಗಬಹುದು. ಇಲ್ಲದ ದನಿ ಕೇಳಿದ ಅನುಭವ, ಉನ್ಮಾದದ ಇತಿಹಾಸ ಇದ್ದರೆ ದೀರ್ಘ ಧ್ಯಾನಕ್ಕೆ ಮೊದಲು ಮನೋವೈದ್ಯರನ್ನು ಕೇಳಲೇಬೇಕು.

ಹಾಗಾಗಿ ಶಿಕ್ಷಕರನ್ನು ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ, "ತರಗತಿಯಲ್ಲಿ ಯಾರಿಗಾದರೂ ಕಷ್ಟ ಆದರೆ ಏನು ಮಾಡುತ್ತೀರಿ?" ಅಂತ. "ಯಾರಿಗೂ ಹಾಗಾಗುವುದಿಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ. "ಸಹಿಸಿಕೊಂಡು ಕೂರಿ, ಒಳಗಿನ ಕಸ ಹೊರಗೆ ಬರುತ್ತಿದೆ" ಅಂದರೂ ಅಷ್ಟೇ. ನನ್ನ ಶಿಕ್ಷಕಿ ಸೇರಿಸಿಕೊಳ್ಳುವ ಮುಂಚೆ ಅರ್ಧ ಗಂಟೆ ಮಾತಾಡಿಸಿದ್ದರು. ಯಾವ ಮಾತ್ರೆ, ಎಷ್ಟು ದಿನದಿಂದ, ನಿದ್ದೆ ಹೇಗೆ, ಕಷ್ಟ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ. ಡಾಕ್ಟರ ಹೆಸರನ್ನೂ ಬರೆದುಕೊಂಡರು. ಎಲ್ಲ ಕೇಳಿ ಮುಗಿಸಿ, "ಆಗಲ್ಲ ಅನ್ನಿಸಿದರೆ ಕಣ್ಣು ಬಿಡಿ, ಕಿಟಕಿ ಕಡೆ ನೋಡಿ, ಬೇಕಾದರೆ ಎದ್ದು ಹೋಗಿ. ಅದೂ ಅಭ್ಯಾಸವೇ" ಅಂದರು. ಆ ಮಾತಿನಿಂದಲೇ ನನಗೆ ಅರ್ಧ ಧೈರ್ಯ ಬಂತು.

ಎಂಟು ವಾರ, ಒಂದು ಪುಸ್ತಕ

ಯಾವುದನ್ನೇ ಆರಿಸಿಕೊಂಡರೂ ಎಂಟು ವಾರ ಕೊಡಿ, ಶುರುವಿನ ಅಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ ಅಥವಾ ಜಿಎಡಿ ಮತ್ತೆ ತುಂಬಿ. ಅಂಕ ಅರ್ಧಕ್ಕೆ ಇಳಿದರೆ ಚಿಕಿತ್ಸೆ ನಾಟಿದೆ ಅಂತ ಲೆಕ್ಕ. ಒಂದಿಷ್ಟೂ ಕದಲದಿದ್ದರೆ ಬದಲಿಸುವ ಮಾತು ಎತ್ತಿ. ಒಂದೇ ಸಲ ಮೂರು ಹೊಸದನ್ನು ಶುರು ಮಾಡಬೇಡಿ. ಗುಣವಾದರೆ ಯಾವುದರಿಂದ, ಕೆಟ್ಟರೆ ಯಾವುದರಿಂದ ಅಂತ ತಿಳಿಯುವುದಿಲ್ಲ. ನನ್ನದು ಮೊದಲು ಮಾತ್ರೆ ಮತ್ತು ದಿನದ ಚೀಟಿ, ಎರಡು ತಿಂಗಳ ಮೇಲೆ ಥೆರಪಿ, ನಡಿಗೆ ಅದರ ಜೊತೆಗೇ ಶುರುವಾಯಿತು, ಎಂಬಿಸಿಟಿ ಎಲ್ಲಕ್ಕಿಂತ ಕೊನೆಗೆ. ನಿಮ್ಮದು ಸೌಮ್ಯ ಆತಂಕವಾಗಿದ್ದರೆ ಇದನ್ನು ತಲೆಕೆಳಗು ಮಾಡಿ, ಧ್ಯಾನ ಅಥವಾ ಸಿಬಿಟಿಯಿಂದಲೇ ಶುರು ಮಾಡಬಹುದು.

ಎಂಬಿಸಿಟಿಯ ಕೊನೆಯ ವಾರಗಳಲ್ಲಿ ಒಂದು ಕೆಲಸ ಕೊಡುತ್ತಾರೆ. ಖಿನ್ನತೆ ಮತ್ತೆ ಬರುವ ಮುಂಚೆ ನಿಮ್ಮಲ್ಲಿ ಏನೇನು ಬದಲಾಗುತ್ತದೆ ಅಂತ ಪಟ್ಟಿ ಮಾಡಬೇಕು. ನನ್ನ ಚೀಟಿಯಲ್ಲಿ ನಾಲ್ಕು ಸಾಲು ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುವುದು. ಫೋನ್ ರಿಂಗಾದರೆ ತಿರುಗಿಸಿ ಇಡುವುದು. ಸ್ನಾನವನ್ನು ಮಧ್ಯಾಹ್ನಕ್ಕೆ ತಳ್ಳುವುದು. "ಏನೂ ಇಲ್ಲ, ಚೆನ್ನಾಗಿದ್ದೀನಿ" ಅಂತ ಜಾಸ್ತಿ ಹೇಳುವುದು. ಅದರ ಕೆಳಗೆ, ಇವುಗಳಲ್ಲಿ ಎರಡು ಒಂದು ವಾರ ಇದ್ದರೆ ಡಾಕ್ಟರಿಗೆ ಫೋನ್ ಅಂತ ಬರೆದಿದೆ. ಒಂದು ಪ್ರತಿ ಬೀರುವಿನ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ. ಇನ್ನೊಂದು ಅಕ್ಕನ ಹತ್ತಿರ ಇದೆ. ನಾಲ್ಕನೇ ಸಾಲು ನನಗೆ ಯಾವತ್ತೂ ಕೇಳಿಸುವುದಿಲ್ಲ, ಅವಳಿಗೆ ಕೇಳಿಸುತ್ತದೆ.